ತೋಟ ಮಾರುತ್ತಿದ್ದೇವೆ, ತಾತ ಅಲ್ಲೇ ಇದ್ದಾರೆ. ಏನು ಮಾಡೋದು?

ಕಲ್ಪತರು ಹುಡುಗ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ತಿಪಟೂರು ಹತ್ತಿರ ನಮ್ಮದು ಮೂರೂವರೆ ಎಕರೆ ತೆಂಗಿನ ತೋಟ. ಅಪ್ಪ, ಇಬ್ಬರು ಚಿಕ್ಕಪ್ಪಂದಿರು, ಒಬ್ಬರು ಅತ್ತೆ. ಎಲ್ಲರೂ ಬೆಂಗಳೂರಲ್ಲೇ ಇದ್ದೇವೆ. ನುಸಿ ರೋಗ ಬಂದ ಮೇಲೆ ಫಸಲೂ ಅಷ್ಟಕ್ಕಷ್ಟೆ. ಮಾರೋಣ ಅಂತ ತೀರ್ಮಾನ ಆಯಿತು. ಗಿರಾಕಿ ಬಂದರು, ಮರ ಎಣಿಸಿದರು, ಬೋರ್‌ವೆಲ್ ಆನ್ ಮಾಡಿಸಿ ನೀರು ನೋಡಿದರು. ಬೇಲಿ ಪಕ್ಕದ ಮೂಲೆಗೆ ಬಂದಾಗ ನಿಂತು "ಇದೇನ್ರೀ?" ಅಂದರು.

ಅಲ್ಲಿ ತಾತ, ಅಜ್ಜಿ, ತಾತನ ಅಣ್ಣ ಮೂವರೂ ಇದ್ದಾರೆ. ತಾತನದ್ದು ಕಲ್ಲಿನ ಕಟ್ಟೆ, ಮೇಲೆ ಪುಟ್ಟ ಲಿಂಗ, ಎದುರಿಗೆ ಮೂಗು ಮುರಿದ ಬಸವ. ಅಜ್ಜಿಯದು ಬರೀ ಮಣ್ಣು. ಅದರ ಮಗ್ಗುಲಲ್ಲಿ ನೆಟ್ಟ ಸಸಿ ಈಗ ತಲೆ ಎತ್ತಿ ನೋಡಬೇಕಾದ ತೆಂಗಿನ ಮರ. ಗಿರಾಕಿ ಆ ಮರವನ್ನೂ ಎಣಿಸಿದ್ದಾರೆ ಅನ್ನೋದು ಬೇರೆ ಮಾತು. "ಇದನ್ನೆಲ್ಲ ಕ್ಲಿಯರ್ ಮಾಡಿ ಕೊಡಿ, ಇಲ್ಲ ರೇಟ್ ಇಳಿಸಿ" ಅಂದರು.

ಮನೆಯಲ್ಲಿ ಈಗ ಮೂರು ಪಾರ್ಟಿ. ಚಿಕ್ಕಪ್ಪ "ಒಂದು ಹಿಡಿ ಮಣ್ಣು ತಂದು ಬೇರೆ ಕಡೆ ಇಟ್ಟರೆ ಆಯಿತು" ಅನ್ನುತ್ತಾರೆ. ಅತ್ತೆ "ಅಲ್ಲಿ ಹಾರೆ ಬಿದ್ದರೆ ನಾನು ಸಹಿ ಹಾಕಲ್ಲ" ಅನ್ನುತ್ತಾರೆ. ಅಪ್ಪ ಎಲ್ಲ ಕೇಳಿ, "ನನ್ನನ್ನಂತೂ ಸುಟ್ಟುಬಿಡಿ. ಯಾರಿಗೂ ರಗಳೆ ಬೇಡ" ಅಂದರು. ಅಷ್ಟಕ್ಕೇ ಅತ್ತೆ ಎರಡು ದಿನ ಮಾತು ಬಿಟ್ಟರು. ನಾವು ಲಿಂಗಾಯತರು. ನಮ್ಮ ಮನೆತನದಲ್ಲಿ ಇದುವರೆಗೆ ಯಾರನ್ನೂ ಸುಟ್ಟಿಲ್ಲ.

ಕೇಳೋದು ಎರಡೇ. ಸಮಾಧಿ ಏನು ಮಾಡಬೇಕು? ಅಪ್ಪ ಹೇಳಿದ್ದು ಮಾಡಬಹುದಾ?

ಮಂಡ್ಯ ಗೌಡ
ನಮ್ಮ ಕಡೆ ಎಲ್ಲರ ಹೊಲದಲ್ಲೂ ಇದೆ. ತಗೊಂಡೋರು ತಮ್ಮ ಪಾಡಿಗೆ ಸುತ್ತ ಉಳುತ್ತಾರೆ. ನಿಮ್ಮ ಗಿರಾಕಿ ರೇಟ್ ಇಳಿಸೋಕೆ ಆಟ ಆಡುತ್ತಿದ್ದಾನೆ ಅಷ್ಟೆ.

ಹಾವೇರಿ ಶರಣೆ
ತಮ್ಮಾ, ಮೊದಲು ಹೆದರಿಕೆ ಬಿಡು. ನಮ್ಮಲ್ಲಿ ಸಾವಿಗೆ ಸೂತಕ ಇಲ್ಲ. ಶರಣರು ಬೇಡ ಅಂದ ಐದು ಸೂತಕಗಳಲ್ಲಿ ಅದೂ ಒಂದು. ಸತ್ತವರು ಪ್ರೇತ ಆಗುತ್ತಾರೆ, ಕಾಡುತ್ತಾರೆ ಅನ್ನೋದೂ ಇಲ್ಲ. ಲಿಂಗೈಕ್ಯ ಅಂದರೆ ಮುಗಿಯಿತು, ಬಯಲಲ್ಲಿ ಬಯಲು.

ನಮ್ಮಪ್ಪನ ಮಣ್ಣಿನ ದಿನ ನಾನೇ ಕುಣಿ ಹತ್ತಿರ ನಿಂತು ನೋಡಿದ್ದೇನೆ. ಕುಣಿ ಒಳಗೆ ಒಂದು ಕಡೆ ಗೋಡೆ ಕೊರೆದು ಗವಿ ಮಾಡಿದ್ದರು. ವಿಮಾನದಿಂದ (ಹೆಣ ಕೂರಿಸಿ ಹೊತ್ತು ತರುವ ಅಲಂಕಾರದ ಚಟ್ಟ) ಇಳಿಸಿ ಅಪ್ಪನನ್ನು ಅದರಲ್ಲಿ ಪದ್ಮಾಸನ ಹಾಕಿ ಕೂರಿಸಿದರು. ಎಡಗೈಯಲ್ಲಿ ಇಷ್ಟಲಿಂಗ. ಹಣೆ ತುಂಬ ವಿಭೂತಿ. ಆಮೇಲೆ ಪತ್ರೆ, ವಿಭೂತಿ ಗಟ್ಟಿ, ಮೇಲೆ ಮಣ್ಣು. ದಿನಾ ಬೆಳಿಗ್ಗೆ ಪೂಜೆಗೆ ಹೇಗೆ ಕೂರುತ್ತಿದ್ದರೋ ಹಾಗೇ ಕೂತಿದ್ದರು. ನಾನು ಅಳಲಿಲ್ಲ ಅಂತ ಊರವರು ಆಡಿಕೊಂಡರು. ಅಳೋ ಹಾಗೆ ಕಾಣಲಿಲ್ಲ ಅವರು, ಏನು ಮಾಡಲಿ.

ಸುಡೋ ವಿಷಯಕ್ಕೆ ಬಂದರೆ, ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳು ನೆನಪಿಲ್ಲವಾ? 2014ರಲ್ಲೇ ಬರೆದಿಟ್ಟಿದ್ದರು. ದೇಹವನ್ನು ಅಗ್ನಿಗೆ ಕೊಡಿ, ಬೂದಿಯನ್ನು ನೀರಿಗೆ ಬಿಡಿ, ಸ್ಮಾರಕ ಕಟ್ಟಬೇಡಿ ಅಂತ. 2023ರ ಜನವರಿ 2ರಂದು ಹೋದರು. ಆಶ್ರಮದವರು ಹಾಗೇ ಮಾಡಿದರು. ಲಕ್ಷಗಟ್ಟಲೆ ಜನ ನೋಡಿದರು, ಯಾರೂ ಜಾತಿ ಕೆಟ್ಟಿತು ಅನ್ನಲಿಲ್ಲ.

ಬಾಳೆಹೊನ್ನೂರು ಭಕ್ತ
ಅಕ್ಕ, ಅವರು ಎಲ್ಲ ಬಿಟ್ಟ ಸಂತರು. ಅವರದ್ದನ್ನು ಸಂಸಾರಸ್ಥರಿಗೆ ಹೋಲಿಸಬೇಡಿ. ಅದೂ ಅವರು ಬರೆದಿಟ್ಟಿದ್ದಕ್ಕೇ ಆಗಿದ್ದು. ಬರೆದಿಡಬೇಕಾಯಿತು ಅಂದರೇನೇ ಪದ್ಧತಿ ಬೇರೆ ಇದೆ ಅಂತ ಅರ್ಥ, ಅಲ್ವಾ?

ಇನ್ನೊಂದು ಮಾತು. ಸುಟ್ಟರೆ ಇಷ್ಟಲಿಂಗ ಏನು ಮಾಡುತ್ತೀರಿ? ದೀಕ್ಷೆಯ ದಿನದಿಂದ ಕೊರಳಲ್ಲಿದ್ದದ್ದು. ಸತ್ತಾಗಲೂ ಅಂಗದಿಂದ ಲಿಂಗ ಬೇರೆ ಆಗಬಾರದು ಅಂತಲೇ ಅಂಗೈಯಲ್ಲಿಟ್ಟು ಮಣ್ಣು ಮುಚ್ಚೋದು. ಅದನ್ನೂ ಬೆಂಕಿಗೆ ಹಾಕುತ್ತೀರಾ? ಇಲ್ಲ, ಬಿಚ್ಚಿ ಮನೆಗೆ ತರುತ್ತೀರಾ? ಎರಡೂ ನನಗೆ ಒಪ್ಪಿಗೆ ಇಲ್ಲ.

ಕಲ್ಪತರು ಹುಡುಗ
ಇದು ನನಗೆ ಹೊಳೆದೇ ಇರಲಿಲ್ಲ. ಅಪ್ಪ ಲಿಂಗ ಕಟ್ಟೋದು ಬಿಟ್ಟು ಮೂವತ್ತು ವರ್ಷ ಆಯಿತು, ದೇವರ ಮನೆ ಡಬ್ಬಿಯಲ್ಲಿದೆ. ಆದರೂ ಪ್ರಶ್ನೆ ಪ್ರಶ್ನೆಯೇ.

ಹಾವೇರಿ ಶರಣೆ
ಬಾಳೆಹೊನ್ನೂರು ಅಣ್ಣಾವರೇ, ಸುಡೋದು ವೈದಿಕರ ಪದ್ಧತಿ. ಹೂಳೋದೇ ನಮ್ಮ ಗುರುತು, ನಾವು ಹಿಂದೂಗಳಲ್ಲ ಅನ್ನೋದಕ್ಕೆ ಅದೇ ದೊಡ್ಡ ಸಾಕ್ಷಿ. ಅದು ನನಗೂ ಗೊತ್ತು. ನಾನು ಹೇಳಿದ್ದು ಹುಡುಗ ಹೆದರಬಾರದು ಅಂತ.

ಮಂಡ್ಯ ಗೌಡ
ಅಲ್ಲಕ್ಕ, ಹೂಳೋದೇ ಸಾಕ್ಷಿ ಆದರೆ ನಾವೂ ಹೂಳುತ್ತೀವಿ. ಕುರುಬರು ಹೂಳುತ್ತಾರೆ. ಈಡಿಗರು ಹೂಳುತ್ತಾರೆ. ಅಣ್ಣಾವ್ರನ್ನ 2006ರಲ್ಲಿ ಕಂಠೀರವ ಸ್ಟುಡಿಯೋದಲ್ಲಿ ಮಣ್ಣು ಮಾಡಿದರು, ಅಪ್ಪುನ 2021ರಲ್ಲಿ ಅದೇ ಜಾಗದಲ್ಲಿ. ನಾವ್ಯಾರೂ ಬೇರೆ ಧರ್ಮ ಕೇಳಲಿಲ್ಲವಲ್ಲ?

ಅಗ್ರಹಾರದ ಅಳಿಯ
ಇನ್ನೂ ಒಂದು ಸೇರಿಸಿಕೊಳ್ಳಿ. ನಮ್ಮಲ್ಲೂ ಹೂಳುತ್ತಾರೆ. ಹಲ್ಲು ಬಾರದ ಮಗುವನ್ನು ಸುಡಲ್ಲ. ಸನ್ಯಾಸಿಗಳನ್ನೂ ಸುಡಲ್ಲ. ಮಂತ್ರಾಲಯದ ಬೃಂದಾವನ ಅಂದರೆ ಏನು ಅಂದುಕೊಂಡಿರಿ? ಪೇಜಾವರ ಹಿರಿಯ ಶ್ರೀಗಳನ್ನು 2019ರ ಡಿಸೆಂಬರ್ 29ರಂದು ಬೆಂಗಳೂರಿನ ವಿದ್ಯಾಪೀಠದಲ್ಲಿ ಕೂರಿಸಿಯೇ ಬೃಂದಾವನ ಮಾಡಿದ್ದು. ಸನ್ಯಾಸ ತಗೊಳ್ಳುವಾಗಲೇ ಲೌಕಿಕದ ಬೆಂಕಿಯನ್ನು ಬಿಟ್ಟಿರುತ್ತಾರೆ. ಆಮೇಲೆ ಚಿತೆಗೆ ಯಾವ ಬೆಂಕಿ?

ಅಂದರೆ ಬ್ರಾಹ್ಮಣರ ಸ್ವಾಮಿಗಳು ಲಿಂಗಾಯತರ ಹಾಗೆ ಹೋಗುತ್ತಾರೆ, ಸಿದ್ಧೇಶ್ವರ ಸ್ವಾಮಿಗಳು ಬ್ರಾಹ್ಮಣರ ಹಾಗೆ ಹೋದರು. ಈಗ ಯಾರು ಯಾರು ಅಂತ ಹೇಳಿ ನೋಡೋಣ.

ಹುಬ್ಬಳ್ಳಿ ಮಿರ್ಚಿ
ಏನ್ ಹೊಡದ್ರಿ ಸಾಹೇಬ್ರ 😄

ಬಾಳೆಹೊನ್ನೂರು ಭಕ್ತ
ಶರಣೆ ಅಕ್ಕ ಮೊದಲು "ವೀರಶೈವ" ಅನ್ನೋ ಶಬ್ದಕ್ಕೆ ಉತ್ತರ ಹೇಳಲಿ. 2018ರಲ್ಲಿ ಸರ್ಕಾರ ಶಿಫಾರಸು ಮಾಡಿದಾಗ...

ಮೇಲ್ವಿಚಾರಕ
ಇಲ್ಲಿಗೆ ನಿಲ್ಲಿಸಿ. ಪ್ರತ್ಯೇಕ ಧರ್ಮದ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ ನಾಲ್ಕು ನೂರು ಉತ್ತರ ಇವೆ. ಇಲ್ಲಿ ಪಾಪ ಒಬ್ಬರು ತಾತನ ಸಮಾಧಿ ಬಗ್ಗೆ ಕೇಳುತ್ತಿದ್ದಾರೆ.

ಕಪ್ಪು ಕೋಟು
ಕಾನೂನಿನ ಮಾತು ಹೇಳಿಬಿಡುತ್ತೇನೆ.

ಜೆಸಿಬಿ ತರಬೇಡಿ. ಯಾರದೋ ಮನಸ್ಸು ನೋಯಿಸುವ ಉದ್ದೇಶದಿಂದ ಹೂಳಿದ ಜಾಗಕ್ಕೆ ನುಗ್ಗೋದು, ಹೆಣಕ್ಕೆ ಅವಮಾನ ಮಾಡೋದು ಅಪರಾಧ. ಹಳೆಯ ಐಪಿಸಿಯಲ್ಲಿ 297 ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 301. ನಿಮಗೆ ಅಂಥ ಉದ್ದೇಶ ಇಲ್ಲ, ಸರಿ. ಆದರೆ ನಿಮ್ಮ ಅತ್ತೆ ಒಪ್ಪಿಲ್ಲ ಅಂತ ನೀವೇ ಬರೆದಿದ್ದೀರಿ. ಅವರು ಠಾಣೆಗೆ ಹೋದರೆ ಉದ್ದೇಶ ಏನಿತ್ತು ಅಂತ ವಿವರಿಸುತ್ತಾ ಓಡಾಡೋದು ನೀವೇ. ತೆಗೆಯಲೇಬೇಕು ಅಂದರೆ ಮೊದಲು ತಹಶೀಲ್ದಾರ್ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ.

ಸುಲಭದ ದಾರಿ ಬೇರೆ ಇದೆ. ಆ ಮೂಲೆಯನ್ನು ಮಾರಲೇಬೇಡಿ. ಸರ್ವೆಯರ್ ಕರೆಸಿ 11ಇ ನಕ್ಷೆ (ಜಮೀನಿನ ಒಂದು ಭಾಗ ಮಾತ್ರ ಮಾರುವಾಗ ಮಾಡಿಸುವ ಸರ್ವೆ ನಕ್ಷೆ) ಮಾಡಿಸಿ, ಸಮಾಧಿ ಇರುವ ತುಂಡನ್ನು ನಿಮ್ಮ ಹೆಸರಲ್ಲೇ ಉಳಿಸಿಕೊಂಡು ಮಿಕ್ಕಿದ್ದು ಮಾರಿ. ಕ್ರಯಪತ್ರದಲ್ಲಿ ಓಡಾಡುವ ದಾರಿಯ ಹಕ್ಕು ಬರೆಸೋದು ಮರೆಯಬೇಡಿ. ದಾರಿ ಬರೆಸದೆ ಸಮಾಧಿ ಉಳಿಸಿಕೊಂಡವರು ಆಮೇಲೆ ಬೇಲಿ ಹೊರಗೆ ನಿಂತು ಊದುಬತ್ತಿ ಹಚ್ಚಿದ್ದನ್ನು ನೋಡಿದ್ದೇನೆ.

ಕಲ್ಪತರು ಹುಡುಗ
ತುಂಬ ಉಪಕಾರ ಆಯಿತು ಸರ್. ಚಿಕ್ಕಪ್ಪನಿಗೆ ಓದಿ ಹೇಳಿದೆ. "ಎರಡು ಗುಂಟೆಗೆ ಎಷ್ಟು ಹೋಗುತ್ತೆ ಗೊತ್ತಾ" ಅಂದರು.

ಕಾಫಿ ಹೂವು
ಮಡಿಕೇರಿ ಕಡೆಯವಳು. ನಮ್ಮ ಕೊಡವರಲ್ಲಿ ಒಕ್ಕಕ್ಕೆ, ಅಂದರೆ ಮನೆತನಕ್ಕೆ, ತನ್ನದೇ ತೂಟಂಗಳ (ಸ್ಮಶಾನ) ಇರುತ್ತದೆ. ಹೂಳೋದೂ ಉಂಟು, ಸುಡೋದೂ ಉಂಟು. ತೋಟ ಕೈ ಬದಲಾದರೂ ತೂಟಂಗಳ ಒಕ್ಕದ್ದೇ ಅಂತ ಹಿರಿಯರು ನಡೆಸಿಕೊಂಡು ಬಂದರು. ಈಗ ತಗೊಳ್ಳುವವರು ಹೊರಗಿನವರು, ಗೇಟ್ ಹಾಕಿ ಬೀಗ ಜಡಿಯುತ್ತಾರೆ.

ಒಂದು ತಮಾಷೆ ಹೇಳುತ್ತೇನೆ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಸಾವಾದರೆ ಎರಡು. ದೊಡ್ಡಪ್ಪ ತೀರಿಕೊಂಡ ಬೆಳಿಗ್ಗೆ ಗುಂಡು ಹಾರಿದಾಗ ಪಕ್ಕದ ಹೋಂಸ್ಟೇಯಿಂದ ಬೆಂಗಳೂರಿನ ಒಂದು ಸಂಸಾರ ಪೆಟ್ಟಿಗೆ ಸಮೇತ ಕಾರು ಹತ್ತಿಬಿಟ್ಟಿತು. ಊರವರು ಮಾತ್ರ ಕೆಲಸ ಬಿಟ್ಟು ನಮ್ಮ ಮನೆ ಕಡೆ ನಡೆದರು.

ಕಲ್ಲು ಹುಡುಕುವವ
ಸಮಾಧಿ ವಿಷಯ ಬಂದರೆ ನಾನು ಸುಮ್ನೆ ಇರಲಾರೆ, ಕ್ಷಮಿಸಿ.

ಗಂಗಾವತಿ ಹತ್ತಿರ ಹಿರೇಬೆಣಕಲ್ ಗುಡ್ಡ ಹತ್ತಿದ್ದೀರಾ? ನೂರಾರು ಕಲ್ಲಿನ ಮನೆಗಳು. ಮೂರು ಕಡೆ ಬಂಡೆ ಚಪ್ಪಡಿ, ಮೇಲೆ ಒಂದು, ಎದುರಿನ ಚಪ್ಪಡಿಯಲ್ಲಿ ದುಂಡಗಿನ ಕಿಂಡಿ. ಊರವರು ಮೋರ್ಯರ ಮನೆ ಅನ್ನುತ್ತಾರೆ. ಕುಳ್ಳ ಜನ ಇದ್ದರು, ಅವರು ವಾಸ ಮಾಡಿದ ಮನೆ ಇದು ಅಂತ ಕಥೆ. ನಿಜಕ್ಕೂ ಅದು ಎರಡು ಸಾವಿರ ವರ್ಷಕ್ಕೂ ಹಳೆಯ ಶಿಲಾಯುಗೋತ್ತರ ಜನರ ಸಮಾಧಿ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು.

ಅದಕ್ಕಿಂತ ಹಿಂದಿನವರು ಇನ್ನೂ ಹತ್ತಿರ ಇಟ್ಟುಕೊಳ್ಳುತ್ತಿದ್ದರು. ನಮ್ಮ ಬಳ್ಳಾರಿ, ಚಿತ್ರದುರ್ಗ, ರಾಯಚೂರು ಕಡೆಯ ನವಶಿಲಾಯುಗದ ಊರುಗಳಲ್ಲಿ ಸತ್ತ ಎಳೆ ಮಕ್ಕಳನ್ನು ಮಡಕೆಯಲ್ಲಿಟ್ಟು ಮನೆಯ ನೆಲದಲ್ಲೇ ಹೂಳುತ್ತಿದ್ದರು. ಮೇಲೆ ಅಡುಗೆ, ಮಲಗೋದು, ಎಲ್ಲ. 1947ರಲ್ಲಿ ಪುರಾತತ್ವದ ವೀಲರ್ ಸಾಹೇಬರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗಲೂ ಮಕ್ಕಳ ಮಡಕೆಗಳು ಸಿಕ್ಕವು. ತಾತ ತೋಟದಲ್ಲಿರೋದೇ ತೊಂದರೆ ಅಂದರೆ ಅವರೇನು ಹೇಳುತ್ತಿದ್ದರೋ.

ಹುಬ್ಬಳ್ಳಿ ಮಿರ್ಚಿ
ಶಿಲಾಯುಗೋತ್ತರ ಅಂದ್ರ ಏನ್ರೀ? ಕನ್ನಡದಾಗ ಹೇಳ್ರಿ.

ಕಲ್ಲು ಹುಡುಕುವವ
ಕಬ್ಬಿಣ ಬಂದ ಕಾಲ. ತಪ್ಪಾಯಿತು. ಬೃಹತ್ ಶಿಲಾ ಸಂಸ್ಕೃತಿ ಅಂತ ಪುಸ್ತಕದಲ್ಲಿ ಇರುತ್ತದೆ, ಅದೂ ನಿಮಗೆ ಹಿಡಿಸಲ್ಲ. ದೊಡ್ಡ ಕಲ್ಲಿನ ಸಮಾಧಿಯವರು ಅಂದುಕೊಳ್ಳಿ.

ಆಟಿ ಮಳೆ
ಘಟ್ಟದ ಮೇಲಿನವರು ಸತ್ತವರನ್ನು ಮಣ್ಣು ಮಾಡಿ ಮರೆಯುತ್ತಾರೆ ಅಂತ ಕಾಣುತ್ತದೆ. ನಮ್ಮ ತುಳುನಾಡಲ್ಲಿ ಅವರು ಮನೆಯವರೇ. ಆಟಿ (ಆಷಾಢ) ತಿಂಗಳಲ್ಲಿ ಕುಲೆಗಳಿಗೆ, ಅಂದರೆ ಸತ್ತವರ ಆತ್ಮಗಳಿಗೆ, ಬಡಿಸುತ್ತೇವೆ. ಅವರವರಿಗೆ ಇಷ್ಟವಾದದ್ದೇ ಬಡಿಸಬೇಕು, ಕೋಳಿ ತಿನ್ನುತ್ತಿದ್ದವರಿಗೆ ಕೋಳಿ.

ಮದುವೆಯೂ ಮಾಡುತ್ತೇವೆ. ನಗಬೇಡಿ. ನಮ್ಮ ದೊಡ್ಡಮ್ಮನ ಮಗಳು ಆರು ತಿಂಗಳ ಕೂಸಾಗಿದ್ದಾಗ ತೀರಿಕೊಂಡಿದ್ದು. ಇಪ್ಪತ್ತೈದು ವರ್ಷದ ನಂತರ ಮನೆಯಲ್ಲಿ ಮದುವೆಗಳು ಒಂದರ ಹಿಂದೆ ಒಂದು ಮುರಿದವು. ಪ್ರಶ್ನೆ ಇಟ್ಟು ಕೇಳಿಸಿದಾಗ, ಅವಳ ಮದುವೆ ಆಗದೆ ತಂಗಿಯರದು ಆಗುವುದಿಲ್ಲ ಅಂತ ಬಂತು. ಅವಳ ಹಾಗೇ ಕೂಸಾಗಿದ್ದಾಗ ಹೋದ ಹುಡುಗನನ್ನು ಹುಡುಕಿದೆವು. ಬಳಿ (ಗೋತ್ರದ ಹಾಗೆ) ನೋಡಿದೆವು, ಒಂದೇ ಬಳಿ ಆಗಬಾರದಲ್ಲ. ಸೀರೆ ತಂದೆವು, ಕರಿಮಣಿ ತಂದೆವು, ಎರಡು ಖಾಲಿ ಮಣೆ ಹಾಕಿ ಧಾರೆ ಎರೆದೆವು. ಊಟವೂ ಆಯಿತು. ದೊಡ್ಡಮ್ಮ ಆ ದಿನ ಅತ್ತದ್ದು ಮಗಳನ್ನು ಕಳಿಸಿಕೊಡುವ ತಾಯಿಯ ಹಾಗೆಯೇ. ಈಗಲೂ ಆ ಮನೆಯವರನ್ನು ಬೀಗರು ಅಂತಲೇ ಕರೆಯುತ್ತೇವೆ, ಹಬ್ಬಕ್ಕೆ ಹೋಗಿ ಬರುತ್ತೇವೆ.

ವಿಚಾರವಾದಿ ವೆಂಕಿ
2020 ದಾಟಿ ಇಷ್ಟು ವರ್ಷ ಆದರೂ ಸತ್ತ ಕೂಸುಗಳಿಗೆ ಬಳಿ ನೋಡುತ್ತೀರಿ. ಜಾತಿ ಮಾತ್ರ ಸಾಯಲ್ಲ ನೋಡಿ.

ಆಟಿ ಮಳೆ
ವೆಂಕಿಯವರೇ, ನಂಬಿ ಅಂತ ನಿಮಗೆ ಹೇಳಿದೆನಾ? ನಾನು ನರ್ಸ್. ಕೂಸು ಯಾಕೆ ಸತ್ತಿತು ಅಂತ ನನಗೆ ಗೊತ್ತು. ಆದರೂ ಮಣೆ ಮುಂದೆ ನಾನೂ ಅತ್ತಿದ್ದೇನೆ.

ವಿಚಾರವಾದಿ ವೆಂಕಿ
ಸರಿ ಅಕ್ಕ. ಮಾತು ವಾಪಸ್. ಜಾತಿ ಮಾತು ಮಾತ್ರ ವಾಪಸ್ ಇಲ್ಲ.

ಷಿಕಾಗೋ ಸಾಬ್
ನಾನು ವಿಜಯಪುರದವನು, ಇಲ್ಲಿಗೆ ಬಂದು ಹದಿನೆಂಟು ವರ್ಷ. ನಮ್ಮಲ್ಲಿ ಹೂಳೋದೊಂದೇ, ಸುಡೋ ಪ್ರಶ್ನೆಯೇ ಇಲ್ಲ. ಬಿಳಿ ಕಫನ್, ಮೂರು ಹಿಡಿ ಮಣ್ಣು, ಮುಗಿಯಿತು. ಕಬರ್ ಮೇಲೆ ಕಟ್ಟಡ ಕಟ್ಟಬಾರದು ಅಂತ ಮೌಲಾನಾ ಹೇಳುತ್ತಿದ್ದರು. ನಮ್ಮೂರಲ್ಲಿ ಮಾತ್ರ ಗೋಳಗುಮ್ಮಟ! ಅಲ್ಲೂ ಒಂದು ಗುಟ್ಟಿದೆ. ಮೇಲೆ ಕಾಣುವ ಗೋರಿಗಳು ಬರೀ ತೋರಿಕೆಗೆ. ಮಹಮ್ಮದ್ ಆದಿಲ್ ಷಾ ನಿಜವಾಗಿ ಮಲಗಿರೋದು ಕೆಳಗೆ, ನೆಲಮಾಳಿಗೆಯಲ್ಲಿ. ಸಣ್ಣವರಿದ್ದಾಗ ಎಲ್ಲರೂ ಮೇಲೆ ಹೋಗಿ ಕೂಗೋದೇ, ಕೆಳಗಿನವನಿಗೆ ನಿದ್ದೆ ಹೇಗೆ ಬರುತ್ತದೋ ಅಂತ ಅಬ್ಬಾ ನಗುತ್ತಿದ್ದರು.

ಅಬ್ಬಾ ಇಲ್ಲೇ ತೀರಿಕೊಂಡರು, ನನ್ನ ಮನೆಯಲ್ಲಿ. ಊರಲ್ಲಿ ಕಬರ್ ಉತ್ತರ ದಕ್ಷಿಣ ಇರುತ್ತದೆ, ಮುಖ ಪಶ್ಚಿಮಕ್ಕೆ. ಇಲ್ಲಿ ಮಸೀದಿಯವರು ಈಶಾನ್ಯಕ್ಕೆ ತಿರುಗಿಸಿದರು. ಇಲ್ಲಿಂದ ಮಕ್ಕಾ ಆ ಕಡೆ. ಲೆಕ್ಕ ಸರಿಯೇ, ನನಗೆ ಗೊತ್ತು. ಆದರೂ ಅಬ್ಬಾ ಮುಖ ತಪ್ಪು ದಿಕ್ಕಿಗೆ ಇದೆ ಅಂತ ಮನಸ್ಸು ತಿಂಗಳುಗಟ್ಟಲೆ ಹೇಳುತ್ತಿತ್ತು. ಊರಿನ ಪಶ್ಚಿಮ ತಲೆಯಲ್ಲಿ ಕೂತುಬಿಟ್ಟಿತ್ತು.

ಕಲ್ಪತರು ಹುಡುಗ
ಸಾಬ್, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಜೆ.ಪಿ. ನಗರ ಜಯ
ನಮ್ಮ ಕಷ್ಟವನ್ನೂ ಕೇಳಿ. ನಾವೂ ಲಿಂಗಾಯತರೇ. ಮಾವನವರು ಹೋದಾಗ ಮೈದುನ ಅಮೆರಿಕದಿಂದ ಬರಬೇಕಿತ್ತು. ಎರಡು ದಿನ ಫ್ರೀಜರ್ ಪೆಟ್ಟಿಗೆಯಲ್ಲಿ ಮಲಗಿಸಿಟ್ಟೆವು. ಮೂರನೇ ದಿನ ಐನೋರು ಬಂದು ನೋಡಿದರು. "ಮೊದಲೇ ಕೂರಿಸಬೇಕಿತ್ತಲ್ಲಮ್ಮ, ಈಗ ಕಾಲು ಮಡಚಲ್ಲ" ಅಂದರು. ನಮಗೆ ಯಾರಿಗೂ ಗೊತ್ತಿರಲಿಲ್ಲ. ಮೊದಲಾಗಿದ್ದರೆ ಉಸಿರು ನಿಂತ ತಕ್ಷಣ ಗೋಡೆಗೆ ಒರಗಿಸಿ ಬಟ್ಟೆ ಕಟ್ಟಿ ಕೂರಿಸುತ್ತಿದ್ದರಂತೆ. ಕೊನೆಗೆ ಮಲಗಿಸಿಯೇ ಮಣ್ಣು ಮಾಡಿದೆವು. ಅತ್ತೆ ಇವತ್ತಿಗೂ "ಅವರನ್ನ ಬೇರೆ ಜಾತಿಯವರ ಥರ ಕಳಿಸಿದ್ರಿ" ಅನ್ನುತ್ತಾರೆ.

ಓರಗಿತ್ತಿಯ ತಂದೆಯದು ಇನ್ನೂ ಬೇರೆ. ಕುರ್ಚಿಯಲ್ಲಿ ಕೂರಿಸಿ ಒಂಬತ್ತನೇ ಮಹಡಿಯಿಂದ ಲಿಫ್ಟ್‌ನಲ್ಲಿ ಇಳಿಸಿದರು. ಐದನೇ ಮಹಡಿಯಲ್ಲಿ ಬಾಗಿಲು ತೆರೆದುಕೊಂಡಿತು. ಹಾಲು ತರೋಕೆ ಹೊರಟಿದ್ದ ಒಬ್ಬರು "ಗುಡ್ ಮಾರ್ನಿಂಗ್ ಅಂಕಲ್" ಅಂದರಂತೆ.

ಹುಬ್ಬಳ್ಳಿ ಮಿರ್ಚಿ
ಯವ್ವಾ!! ನಗಬೇಕೋ ಅಳಬೇಕೋ ತಿಳಿವಲ್ದು.

ಅಗ್ರಹಾರದ ಅಳಿಯ
ಹೂಳಿದ ಮೇಲೆ ಸುಟ್ಟ ಕಥೆ ಬೇಕಾ? ಜಯಲಲಿತಾ. ಹುಟ್ಟಿದ್ದು ನಮ್ಮ ಮೇಲುಕೋಟೆಯಲ್ಲಿ, ಅಯ್ಯಂಗಾರ್ ಮನೆ. 2016ರ ಡಿಸೆಂಬರ್‌ನಲ್ಲಿ ಮರೀನಾ ಕಡಲ ತೀರದಲ್ಲಿ ಮಣ್ಣು ಮಾಡಿದರು, ಎಂಜಿಆರ್ ಪಕ್ಕ. ಅಲ್ಲಿನ ದ್ರಾವಿಡ ನಾಯಕರಿಗೆಲ್ಲ ಅದೇ ರೂಢಿ. ಒಂದು ವಾರದ ನಂತರ ಸಂಬಂಧಿಕರು ಅಂತ ಕೆಲವರು ಶ್ರೀರಂಗಪಟ್ಟಣದಲ್ಲಿ ಕಾವೇರಿ ದಡದಲ್ಲಿ ಗೊಂಬೆ ಇಟ್ಟು ಮತ್ತೊಮ್ಮೆ ಅಂತ್ಯಕ್ರಿಯೆ ಮಾಡಿದರು. ಪಕ್ಷಕ್ಕೆ ಅವರ ಅಮ್ಮ, ನೆಂಟರಿಗೆ ಅವರ ಹುಡುಗಿ. ಎರಡು ಸಲ ಸಾಯಬೇಕಾಯಿತು.

ಮಂಡ್ಯ ಗೌಡ
ನಮ್ಮ ಜಿಲ್ಲೆ ಅಂದಿದ್ದಕ್ಕೆ ಒಂದು ಮಾತು. ಮದ್ದೂರು ತಾಲ್ಲೂಕಿನ ಆತಕೂರಲ್ಲಿ ನಾಯಿಗೂ ಕಲ್ಲು ನಿಲ್ಲಿಸಿದ್ದರು ಅಂತ ಓದಿದ್ದೆ. ನಿಜಾನಾ?

ಕಲ್ಲು ಹುಡುಕುವವ
ನೂರಕ್ಕೆ ನೂರು. ಕ್ರಿ.ಶ. 949ರ ಸುಮಾರು. ನಾಯಿಯ ಹೆಸರು ಕಾಳಿ. ಗಂಗರ ಬೂತುಗನ ನಾಯಿ, ಅವನ ವೀರ ಮಣಲೆರ ಬೇಡಿ ಪಡೆದದ್ದು. ಕಾಡುಹಂದಿ ಜೊತೆ ಹೋರಾಡಿ ಎರಡೂ ಸತ್ತವು. ಕಲ್ಲಿನ ಮೇಲೆ ನಾಯಿ ಹಂದಿ ಎದುರೆದುರು ಕೆತ್ತಿದ್ದಾರೆ. ಈ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ (ಶೈವ ಪೂಜಾರಿ) ಪಾಪ ಸುತ್ತಲಿ ಅಂತಲೂ ಬರೆಸಿದ್ದಾರೆ. ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ, ಪೂಜೆ ಇಲ್ಲ, ಟಿಕೆಟ್ ಇದೆ.

ಕೆರೆ ಏರಿ
ಎಲ್ಲ ಓದಿದೆ. ಸಾವಿರ ವರ್ಷದ ಹಿಂದಿನ ನಾಯಿಗೆ ಊರ ದೇವಸ್ಥಾನದ ಎದುರು ಕಲ್ಲು. ಒಳ್ಳೆಯದು.

ನಮ್ಮ ತಾತನಿಗೆ ಮೂರು ಅಡಿ ಜಾಗ ಇರಲಿಲ್ಲ. ನಮ್ಮ ಕೇರಿಗೆ ಸ್ಮಶಾನವೇ ಇಲ್ಲ. ಕೆರೆ ಏರಿ ಕೆಳಗೆ ಹೂಳುತ್ತಿದ್ದೆವು. ಬೇಸಿಗೆಯಲ್ಲಿ ಸತ್ತರೆ ಪುಣ್ಯವಂತ, ಮಳೆಗಾಲದಲ್ಲಿ ಸತ್ತರೆ ಗುಂಡಿ ತೋಡಿದಷ್ಟೂ ನೀರು. ಅಪ್ಪ ಬಕೆಟ್‌ನಲ್ಲಿ ನೀರು ಎತ್ತುತ್ತಿದ್ದರು, ನಾನು ತಾತನ ಕಾಲು ಹಿಡಿದು ನಿಂತಿದ್ದೆ. ಹೆಣ ಮೇಲೆ ಬರಬಾರದು ಅಂತ ಕಲ್ಲು ಹೇರಿದೆವು. ನೀವು ವಿಭೂತಿ ಗಟ್ಟಿ ಇಡುತ್ತೀರಿ, ನಾವು ಸೈಜುಗಲ್ಲು ಇಟ್ಟೆವು. ಸ್ಮಶಾನ ಇಲ್ಲದ ಊರುಗಳಿಗೆ ಜಾಗ ಕೊಡಿ ಅಂತ ಹೈಕೋರ್ಟ್ 2019ರಲ್ಲೇ ಸರ್ಕಾರಕ್ಕೆ ಹೇಳಿದೆ. ನಮ್ಮೂರಿಗೆ ಇನ್ನೂ ಬಂದಿಲ್ಲ.

ಕೂತು ಹೂಳೋದು, ಮಲಗಿ ಹೂಳೋದು, ಯಾವುದು ಯಾರ ಗುರುತು ಅಂತ ಜಗಳ ಆಡಿದಿರಿ. ಆ ಗುಂಡಿ ತೋಡಿದವರು ಯಾರು? ಮುಂದೆ ತಮಟೆ ಬಡಿದವರು ಯಾರು? ಕಲ್ಪತರು ಅವರೇ, ಕೋಪ ಇಲ್ಲ, ಸುಮ್ನೆ ಕೇಳುತ್ತೇನೆ. ನಿಮ್ಮ ತಾತನ ಗುಂಡಿ ತೋಡಿದವರ ಹೆಸರು ನಿಮ್ಮ ಮನೆಯಲ್ಲಿ ಯಾರಿಗಾದರೂ ಗೊತ್ತಾ? ಅವರನ್ನು ಎಲ್ಲಿ ಹೂತರು ಅಂತ ಗೊತ್ತಾ?

ಬಾಳೆಹೊನ್ನೂರು ಭಕ್ತ
ಎಲ್ಲದಕ್ಕೂ ಜಾತಿ ತರೋದು ಯಾಕೆ? ಇಲ್ಲಿ ವಿಷಯ ಬೇರೆ.

ಹಾವೇರಿ ಶರಣೆ
ಅಣ್ಣಾವರೇ, ಸಾಕು. ವಿಷಯ ಇದೇ. ಬಸವಣ್ಣನ ಹೆಸರು ಹೇಳಿಕೊಂಡು ರುದ್ರಭೂಮಿಗೆ ಬೇರೆ ಗೇಟ್ ಇಟ್ಟವರು ನಾವೇ.

ಕಲ್ಪತರು ಹುಡುಗ
ಎರಡು ದಿನ ಉತ್ತರ ಬರೆಯಲು ಆಗಲಿಲ್ಲ. ಅಪ್ಪನನ್ನು ಕೇಳಿದೆ. ಅವರು ಸ್ವಲ್ಪ ಯೋಚನೆ ಮಾಡಿ "ಮೂಡ್ಲಯ್ಯ" ಅಂದರು. ತಾತನಿಗೂ ಅಜ್ಜಿಗೂ ಅವರೇ ತೋಡಿದ್ದಂತೆ. ಅಜ್ಜಿ ಮಗ್ಗುಲಿಗೆ ತೆಂಗಿನ ಸಸಿ ನೆಟ್ಟಿದ್ದೂ ಅವರೇ. ಗುಂಡಿಯ ಮಣ್ಣು ಸಡಿಲ ಇದೆ, ಚೆನ್ನಾಗಿ ಹಿಡಿಯುತ್ತೆ ಅಂದಿದ್ದರಂತೆ. ನಾನು ಇಷ್ಟು ದಿನ ತಾತ ನೆಟ್ಟಿದ್ದು ಅಂದುಕೊಂಡಿದ್ದೆ, ತಾತ ಅಜ್ಜಿಗಿಂತ ಮೊದಲೇ ಹೋಗಿದ್ದರು ಅನ್ನೋದೂ ನೆನಪಿಗೆ ಬರಲಿಲ್ಲ ನೋಡಿ. ಮೂಡ್ಲಯ್ಯನವರನ್ನು ಎಲ್ಲಿ ಹೂತರು ಅಂತ ಅಪ್ಪನಿಗೆ ಗೊತ್ತಿಲ್ಲ. ಊರಿಗೆ ಹೋದಾಗ ಕೇಳುತ್ತೇನೆ.

ಕೆರೆ ಏರಿ
ಕೇಳಿ.

ಮಂಡ್ಯ ಗೌಡ
ಆ ಮರದ ಕಾಯಿ ಏನು ಮಾಡುತ್ತಿದ್ದಿರಿ? ನಮ್ಮಲ್ಲಿ ಗುಂಡಿ ಮೇಲಿನ ಮರದ್ದು ತಿನ್ನಲ್ಲ.

ಕಲ್ಪತರು ಹುಡುಗ
ನಾವು ಮಾರಲ್ಲ. ಮಾರ್ಲಾಮಿ (ಮಹಾಲಯ) ಅಮಾವಾಸ್ಯೆಗೆ ಎಡೆಗೆ ಆ ಮರದ್ದೇ ಕಾಯಿ ಒಡೆಯೋದು. ಅಜ್ಜಿಗೆ ಎಲೆ ಅಡಿಕೆ, ಜೊತೆಗೆ ಕಡ್ಡಿಪುಡಿ.

ಹಾವೇರಿ ಶರಣೆ
ಲಿಂಗೈಕ್ಯರಾದವರಿಗೆ ಎಡೆ ಯಾಕೋ ತಮ್ಮಾ? ಅದು ನಮ್ಮ ತತ್ವ ಅಲ್ಲ.

ಕಲ್ಪತರು ಹುಡುಗ
ತತ್ವ ಗೊತ್ತಕ್ಕ. ಕಡ್ಡಿಪುಡಿ ಇಡದಿದ್ದರೆ ಅಜ್ಜಿ ಬೈಯುತ್ತಾರೆ.

ಹಾವೇರಿ ಶರಣೆ
😀 ನಮ್ಮವ್ವನೂ ಹಾಗೇ. ಇಡು.

ಷಿಕಾಗೋ ಸಾಬ್
ಕೊನೆಗೆ ಏನು ತೀರ್ಮಾನ ಆಯಿತು ತಿಳಿಸಿ ಭಾಯ್.

ಕಲ್ಪತರು ಹುಡುಗ
ವಕೀಲ ಸರ್ ಹೇಳಿದ ಹಾಗೇ. ಸಮಾಧಿ ಮೂಲೆ ಬಿಟ್ಟು ಮಾರುತ್ತೇವೆ, ದಾರಿ ಬರೆಸುತ್ತೇವೆ. ಗಿರಾಕಿ ಒಂದು ವಾರ ಮುನಿಸಿಕೊಂಡು ಮತ್ತೆ ಬಂದರು, ಗೌಡರು ಹೇಳಿದ್ದು ಸರಿ. ಸೋಮವಾರ ಸರ್ವೆಯರ್ ಬರುತ್ತಾರೆ. ಅತ್ತೆ ಸಹಿ ಹಾಕುತ್ತಾರೆ. ಅಪ್ಪ ಮಾತ್ರ "ಜಾಗ ಉಳಿಯಿತಲ್ಲ, ಇನ್ನೊಬ್ಬರಿಗೆ ಆಗುತ್ತೆ" ಅಂದರು. ಸುಡೋ ಮಾತು ಮತ್ತೆ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಕಪ್ಪು ಕೋಟು
ನಕ್ಷೆಯಲ್ಲಿ ಆ ತೆಂಗಿನ ಮರ ನಿಮ್ಮ ಕಡೆಗೇ ಬರುವ ಹಾಗೆ ಗೆರೆ ಎಳೆಸಿ. ಗಿರಾಕಿ ಎಣಿಸಿದ್ದಾರೆ ಅಂದಿರಿ.

ಕಲ್ಪತರು ಹುಡುಗ
ಅಯ್ಯೋ ಹೌದಲ್ಲ. ಈಗಲೇ ಚಿಕ್ಕಪ್ಪನಿಗೆ ಫೋನ್ ಮಾಡುತ್ತೇನೆ.